ಬೆಳಕಿನ ಕಣಜ ಪಾವಗಡದಲ್ಲಿರಲಿ

ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿಟ್ಟು, ಸಂಜೆ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಪ್ರಶ್ನಿಸಿದವರಿಗೆಲ್ಲ ಸಿಗುವ ಉತ್ತರ ಒಂದೇ: ‘ರಾತ್ರಿ ಸೂರ್ಯ ಇರುವುದಿಲ್ಲವಲ್ಲ!’ ಮಾತು ಸುಳ್ಳಲ್ಲ. ಆದರೆ ಅಲ್ಲಿಂದ ನೇರವಾಗಿ ‘ಆದ್ದರಿಂದ ಸಿಂಗಳೀಕದ ಕಾಡಿನಲ್ಲಿ ಸುರಂಗ ಕೊರೆಯಬೇಕು’ ಎಂಬಲ್ಲಿಗೆ ಜಿಗಿಯುತ್ತಾರಲ್ಲ, ತಕರಾರು ಇರುವುದು ಆ ಜಿಗಿತದ ಬಗ್ಗೆ.

ಸಮಸ್ಯೆ ಎಲ್ಲಿದೆ ಎಂದು ಮೊದಲು ನೋಡೋಣ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಮಧ್ಯಾಹ್ನ ಅಲ್ಲಿ ಸುಗ್ಗಿ. ಸಂಜೆ ಆರೂವರೆಗೆಲ್ಲ ಕಣ ಖಾಲಿ. ಸರಿಯಾಗಿ ಅದೇ ಹೊತ್ತಿಗೆ ನಾಡಿನ ಮನೆಮನೆಯಲ್ಲಿ ದೀಪ, ಮಿಕ್ಸಿ, ಟಿವಿ ಒಟ್ಟಿಗೆ ಶುರುವಾಗುತ್ತವೆ. ಆಗ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳ ಬೆಂಕಿ ಏರಿಸಬೇಕು, ಇಲ್ಲವೇ ಮಾರುಕಟ್ಟೆಯಿಂದ ಕೊಳ್ಳಬೇಕು. ಹಗಲಲ್ಲಿ ಅಗ್ಗಕ್ಕೆ ಬಿಕರಿಯಾಗುವ ಯೂನಿಟ್ಟಿನ ದರ ಸಂಜೆ 10 ರೂಪಾಯಿಯ ಗರಿಷ್ಠ ಮಿತಿಯನ್ನು ಮುಟ್ಟುವುದುಂಟು. ಸುಗ್ಗಿಯಲ್ಲಿ ಜೋಳವನ್ನೆಲ್ಲ ಮಾರಿ, ಮಳೆಗಾಲದಲ್ಲಿ ದುಬಾರಿ ಬೆಲೆಗೆ ಕೊಂಡು ಉಣ್ಣುವ ಮನೆಗೆ ಹಿರಿಯರು ಹೇಳುತ್ತಿದ್ದುದು ಒಂದೇ ಮಾತು: ಹಗೇವು ತೋಡಿಕೊಳ್ಳಿ.

ಬ್ಯಾಟರಿ ಅಂಥ ಹಗೇವು. ಲಾರಿಯ ಮೇಲೆ ಬಂದಿಳಿಯುವ ಕಂಟೇನರ್ ಗಾತ್ರದ ಪೆಟ್ಟಿಗೆಗಳು ಹಗಲಿನ ವಿದ್ಯುತ್ತನ್ನು ತುಂಬಿಕೊಂಡು ಸಂಜೆಗೆ ಬಿಟ್ಟುಕೊಡುತ್ತವೆ. ಕೂರಿಸಲು ಸಬ್‌ಸ್ಟೇಷನ್ ಪಕ್ಕದ ಖಾಲಿ ಜಾಗ ಸಾಕು. ಇನ್ನೊಂದು ದೊಡ್ಡ ಗುಣ ಅದರ ಚುರುಕು. ಗ್ರಿಡ್ಡಿನ ಆವರ್ತನ 50 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು. ಮೋಡ ಕವಿದರೂ ಗಾಳಿ ನಿಂತರೂ ಅದು ಕುಸಿಯತೊಡಗುತ್ತದೆ. ಕಲ್ಲಿದ್ದಲು ಘಟಕ ಮೈಮುರಿದು ಏಳುವಷ್ಟರಲ್ಲಿ ಬ್ಯಾಟರಿ ಕೆಲಸ ಮುಗಿಸಿರುತ್ತದೆ. ಅದಕ್ಕೆ ಒಂದು ಸೆಕೆಂಡೂ ಬೇಡ.

ಇದು ಬರೀ ಕಾಗದದ ಮೇಲಿನ ಮಾತಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ದಕ್ಷಿಣ ಆಸ್ಟ್ರೇಲಿಯಾ ರಾಜ್ಯವೇ ಕತ್ತಲಲ್ಲಿ ಮುಳುಗಿದಾಗ, ಗಾಳಿಯಂತ್ರ ನಂಬಿ ಕೆಟ್ಟಿರಿ ಎಂದು ಹಂಗಿಸಿದವರು ಬಹಳ. ಮರುವರ್ಷ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ಬಂತು. ಕೆಲವೇ ದಿನಗಳಲ್ಲಿ ಪಕ್ಕದ ರಾಜ್ಯದ ಲಾಯ್ ಯಾಂಗ್‌ನ ಕಲ್ಲಿದ್ದಲು ಘಟಕವೊಂದು ಟ್ರಿಪ್ ಆದಾಗ, ಕಣ್ಣು ಮಿಟುಕಿಸುವುದರೊಳಗೆ ಗ್ರಿಡ್ಡಿಗೆ ವಿದ್ಯುತ್ ಹರಿಸಿದ್ದು ಇದೇ ಬ್ಯಾಟರಿ. ಕ್ಯಾಲಿಫೋರ್ನಿಯಾದಲ್ಲಿ 2020ರ ಆಗಸ್ಟ್‌ನ ಬಿಸಿಲಿಗೆ ಸರದಿಯ ಮೇಲೆ ಕರೆಂಟ್ ತೆಗೆಯಬೇಕಾಯಿತು. ಬಳಿಕ ಅಲ್ಲಿ ಬ್ಯಾಟರಿ ಸಾಮರ್ಥ್ಯ 10 ಸಾವಿರ ಮೆಗಾವ್ಯಾಟ್ ದಾಟಿತು. 2024ರ ಏಪ್ರಿಲ್‌ನ ಒಂದು ಸಂಜೆ ಕೆಲಹೊತ್ತು ಆ ಗ್ರಿಡ್ಡಿಗೆ ಎಲ್ಲಕ್ಕಿಂತ ಹೆಚ್ಚು ವಿದ್ಯುತ್ ಬಂದದ್ದು ಬ್ಯಾಟರಿಗಳಿಂದಲೇ.

‘ಅವರು ಶ್ರೀಮಂತರು, ನಮಗೆಲ್ಲಿ ಕೈಗೆಟುಕುತ್ತದೆ’ ಎನ್ನುವುದು ಹಳೆಯ ಮಾತಾಯಿತು. 2022ರಲ್ಲಿ ನಮ್ಮ ದೇಶದ ಟೆಂಡರಿನಲ್ಲಿ ಎರಡು ಗಂಟೆ ವಿದ್ಯುತ್ ಕೊಡುವ ಬ್ಯಾಟರಿಗೆ ಬಂದ ದರ ಮೆಗಾವ್ಯಾಟ್‌ಗೆ ತಿಂಗಳಿಗೆ 10.83 ಲಕ್ಷ ರೂಪಾಯಿ. 2024ರ ಕೊನೆಗೆ ರಾಜಸ್ಥಾನದಲ್ಲಿ ಅದು ಸುಮಾರು 2.2 ಲಕ್ಷಕ್ಕೆ ಇಳಿಯಿತು. ಇದರಲ್ಲಿ ಕೇಂದ್ರದ ಸಹಾಯಧನದ ಪಾಲೂ ಇದೆ, ನಿಜ. ದಿನಕ್ಕೊಮ್ಮೆ ತುಂಬಿ ಖಾಲಿ ಮಾಡಿದರೆ ತಿಂಗಳಿಗೆ 60 ಸಾವಿರ ಯೂನಿಟ್. ಅಂದರೆ ಕೂಡಿಡುವ ಖರ್ಚು ಯೂನಿಟ್‌ಗೆ 18 ರೂಪಾಯಿಯಿಂದ ಮೂರೂಮುಕ್ಕಾಲು ರೂಪಾಯಿಯೊಳಗೆ ಬಂದಿದೆ. ಬೆಳಗಿನ ಬೇಡಿಕೆಗೂ ಸೇರಿಸಿ ದಿನಕ್ಕೆರಡು ಸಲ ಬಳಸಿದರೆ ಅದರ ಅರ್ಧ.

ಈಗ ಶರಾವತಿ ಕಣಿವೆಗೆ ಬನ್ನಿ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೆಳಗೆ ಬಿಡುವ 2,000 ಮೆಗಾವ್ಯಾಟ್ ಯೋಜನೆಗೆ ವೆಚ್ಚ 8 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. 50 ಹೆಕ್ಟೇರ್ ಮೀರಿದ ಕಾಡು, 15 ಸಾವಿರದಷ್ಟು ಮರ ಬಲಿಯಾಗಬೇಕು. ಸಿಂಗಳೀಕ ಮರದಿಂದ ಮರಕ್ಕೆ ದಾಟುತ್ತಾ ಬದುಕುವ ಜೀವಿ, ನೆಲಕ್ಕಿಳಿಯುವುದೇ ಅಪರೂಪ. ರಸ್ತೆಗೆ, ವಿದ್ಯುತ್ ಮಾರ್ಗಕ್ಕೆ ಮರ ಕಡಿದು ಮೇಲ್ಛಾವಣಿ ಹರಿದರೆ ಅದರ ದಾರಿಯೇ ಮುಚ್ಚಿದಂತೆ. ಹೀಗಿದ್ದೂ 2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತು. 1964ರ ಲಿಂಗನಮಕ್ಕಿ ಅಣೆಕಟ್ಟೆಗೆ ಊರು ಕಳೆದುಕೊಂಡವರ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿವೆ. ಅದೇ ನದಿಯ ಮುಂದೆ ಮತ್ತೆ ಕೈಯೊಡ್ಡಲು ಸರ್ಕಾರಕ್ಕೆ ಸಂಕೋಚವೂ ಆಗದಿರುವುದು ಸೋಜಿಗ.

ಯೋಜನೆಯ ಪರ ಇರುವವರ ಆಕ್ಷೇಪಗಳು ತಳ್ಳಿಹಾಕುವಂಥವಲ್ಲ. ಬ್ಯಾಟರಿಯ ಆಯಸ್ಸು 12ರಿಂದ 15 ವರ್ಷ, ಪಂಪ್ಡ್ ಸ್ಟೋರೇಜ್ ಅರ್ಧ ಶತಮಾನ ದುಡಿಯುತ್ತದೆ. ಸರಿ, ಆದರೆ ಹದಿನೈದು ವರ್ಷದ ನಂತರ ಹಳೆಯ ಪೆಟ್ಟಿಗೆಯ ಜಾಗಕ್ಕೆ ಅಗ್ಗದ ಹೊಸ ಪೆಟ್ಟಿಗೆ ತಂದಿಡಬಹುದು. ಕಡಿದ ಮಳೆಕಾಡನ್ನು ಯಾವ ಟೆಂಡರಿನಿಂದಲೂ ತರಲಾಗದು. ಆರು ಗಂಟೆ ವಿದ್ಯುತ್ ಬೇಕಾದರೆ ಎರಡು ಗಂಟೆಯ ಬ್ಯಾಟರಿ ಮೂರು ಪಟ್ಟು ಬೇಕು. ಹೌದು, ಆದರೆ ಬ್ಯಾಟರಿಯನ್ನು ಬೇಕಾದಷ್ಟೇ, ಬೇಕಾದಲ್ಲಿ, ವರ್ಷ ವರ್ಷ ಕೂಡಿಸುತ್ತಾ ಹೋಗಬಹುದು. ಬೆಂಕಿಯ ಭಯ? 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಬ್ಯಾಟರಿ ಘಟಕ ಹೊತ್ತಿ ಉರಿಯಿತು, ಜನರನ್ನು ತೆರವು ಮಾಡಬೇಕಾಯಿತು. ಆದ್ದರಿಂದ ಪೆಟ್ಟಿಗೆಗಳನ್ನು ಬಯಲಲ್ಲಿ, ದೂರ ದೂರ, ಜನವಸತಿಯಿಂದ ಆಚೆ ಇಡಬೇಕು. ಪಾವಗಡದಲ್ಲಿ ಬಯಲಿಗೆ ಬರವೇ? ಚೀನಾದ ಮೇಲಿನ ಅವಲಂಬನೆ ಮಾತ್ರ ನಿಜವಾದ ಚಿಂತೆ. ಮಂಡ್ಯದ ಮರಳಗಾಲದಲ್ಲಿ ಸಿಕ್ಕಿದೆ ಎಂದ 1,600 ಟನ್ ಲಿಥಿಯಂ ಅದಕ್ಕೆ ಉತ್ತರವಾಗದು. ಸೆಲ್‌ಗಳನ್ನು ಇಲ್ಲೇ ತಯಾರಿಸುವ ಕಾರ್ಖಾನೆಗಳು ಬರಬೇಕು.

ಬ್ಯಾಟರಿ ಸರ್ವರೋಗಕ್ಕೆ ಮದ್ದು ಎಂದೂ ನಾನು ಹೇಳುತ್ತಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು, ಪಂಪ್‌ಸೆಟ್‌ಗಳ ತ್ರೀಫೇಸ್ ಕರೆಂಟಿಗಾಗಿ ರೈತರು ಬೀದಿಗಿಳಿದರಲ್ಲ, ಅಂಥ ಇಡೀ ಹಂಗಾಮಿನ ಕೊರತೆಯನ್ನು ಎರಡು ಗಂಟೆಯ ಬ್ಯಾಟರಿ ತುಂಬದು. ಆರು ಗಂಟೆಯ ಪಂಪ್ಡ್ ಸ್ಟೋರೇಜ್ ಕೂಡ ತುಂಬದು. ಎರಡೂ ಇರುವ ವಿದ್ಯುತ್ತಿನ ಹೊತ್ತು ಬದಲಿಸುತ್ತವೆ, ಅಷ್ಟೇ. ಆ ಕೆಲಸದಲ್ಲೂ ನೀರೆತ್ತುವ ವ್ಯವಸ್ಥೆ ನೂರು ಯೂನಿಟ್ ನುಂಗಿ 75–80 ಹಿಂದಿರುಗಿಸಿದರೆ, ಲಿಥಿಯಂ ಬ್ಯಾಟರಿ 85ರ ಆಸುಪಾಸು ಕೊಡುತ್ತದೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಯೋಜನೆಯಲ್ಲೇ 2031–32ಕ್ಕೆ ಬೇಕಾದ ಸಂಗ್ರಹದಲ್ಲಿ ಬ್ಯಾಟರಿಯ ಪಾಲು 236 ಗಿಗಾವ್ಯಾಟ್-ಗಂಟೆ, ಪಂಪ್ಡ್ ಸ್ಟೋರೇಜ್‌ನದು 175. ಹೊಸ ಸೌರ ಟೆಂಡರುಗಳಲ್ಲಿ ಕನಿಷ್ಠ ಎರಡು ಗಂಟೆಯ ಸಂಗ್ರಹ ಇರಲಿ ಎಂದು 2025ರ ಫೆಬ್ರುವರಿಯಲ್ಲಿ ಸಲಹೆ ಕೊಟ್ಟದ್ದೂ ಅದೇ ಪ್ರಾಧಿಕಾರ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೇಕೆ?

ಸರ್ಕಾರ ಮಾಡಬೇಕಾದ್ದು ಇಷ್ಟು. ಪಾವಗಡದಲ್ಲಿ, ಸೌರ ಘಟಕಗಳಿರುವ ಪ್ರತಿ ತಾಲ್ಲೂಕಿನ ಸಬ್‌ಸ್ಟೇಷನ್‌ನಲ್ಲಿ ಎಷ್ಟು ಬ್ಯಾಟರಿ ಕೂರಿಸಬಹುದು, ಖರ್ಚೆಷ್ಟು ಎಂಬ ಲೆಕ್ಕವನ್ನು ಶರಾವತಿಯ ಲೆಕ್ಕದ ಪಕ್ಕದಲ್ಲಿಟ್ಟು, ಕನ್ನಡದಲ್ಲಿ, ಜನರ ಮುಂದೆ ಬಿಚ್ಚಿಡಲಿ. ಕಾಡಿನ ಬೆಲೆಯನ್ನೂ ಅದರಲ್ಲಿ ಸೇರಿಸಲಿ. ಆ ಲೆಕ್ಕ ಒಪ್ಪಿಸುವವರೆಗೆ ಕಣಿವೆಯೊಳಗೆ ಒಂದು ಗರಗಸವೂ ಇಳಿಯಕೂಡದು.