ಪೂರ್ವಜ್ಞಾನದ ಕಾಲಮ್ಮಿನಲ್ಲಿ ಸಮ ಚಿಹ್ನೆ

ಕಳೆದ ವರ್ಷದ ಅಭ್ಯಾಸ ಪಾಠಗಳಲ್ಲಿ ಒಂಬತ್ತನೇ ತರಗತಿಯ ಒಂದು ಪೈಥಾನ್ ಪಾಠ ವೀಕ್ಷಿಸಿದೆ. ಪಾಠಯೋಜನೆಯಲ್ಲಿ ಪೂರ್ವಜ್ಞಾನದ ಎದುರು ಪ್ರಶಿಕ್ಷಣಾರ್ಥಿ ‘ಮಕ್ಕಳಿಗೆ ಪ್ರೋಗ್ರಾಮಿಂಗ್ ಹೊಸದು’ ಎಂದಷ್ಟೇ ಬರೆದಿದ್ದರು. ಹಲಗೆಯ ಮೇಲೆ ‘ಎಣಿಕೆ = 5’ ಎಂದು ಬರೆದು, ಅದರ ಕೆಳಗೆ ‘ಎಣಿಕೆ = ಎಣಿಕೆ + 1’ ಎಂದು ಬರೆದರು. (ಪೈಥಾನ್ 3ರಲ್ಲಿ ಇಂಥ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೇ ಇಡಬಹುದು. ಅವರು ಅದನ್ನು ಬಳಸಿಕೊಂಡದ್ದು ನನಗೆ ಹಿಡಿಸಿತು.)

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. “ಮಿಸ್, ಇದು ತಪ್ಪು. ಎರಡೂ ಕಡೆ ಎಣಿಕೆ ಕಳೆದರೆ ಸೊನ್ನೆ ಸಮ ಒಂದು ಅಂತ ಬರುತ್ತೆ.”

“ಗಣಿತ ಬೇರೆ, ಇದು ಬೇರೆ. ಬರ್ಕೊಳಮ್ಮ.”

ಬರೆದುಕೊಂಡಳು. ಆಮೇಲೆ ಏನೂ ಕೇಳಲಿಲ್ಲ. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ನಾನೂ ‘ತರಗತಿ ನಿರ್ವಹಣೆ ಉತ್ತಮ’ ಎಂದು ಬರೆದು ಸಹಿ ಹಾಕಿದೆ. ಆ ಸಹಿ ಇವತ್ತಿಗೂ ಚುಚ್ಚುತ್ತದೆ.

ಸಮ ಚಿಹ್ನೆ ಎಂದರೆ ಎರಡು ತಟ್ಟೆಯೂ ಸರಿತೂಗುವ ತಕ್ಕಡಿ ಎಂದು ಅವಳಿಗೆ ವರ್ಷಗಟ್ಟಲೆ ಹೇಳಿಕೊಟ್ಟವರು ನಾವೇ. ಪೈಥಾನಿನಲ್ಲಿ ಅದೇ ಚಿಹ್ನೆ ಒಂದು ಆಜ್ಞೆ: ಬಲಗಡೆಯದನ್ನು ಮೊದಲು ಲೆಕ್ಕಹಾಕು, ಬಂದದ್ದನ್ನು ಎಡಗಡೆಯ ಹೆಸರಿಗೆ ಕೊಡು. ‘ಸಮವೇ?’ ಎಂದು ಕೇಳಬೇಕಾದರೆ ಎರಡು ಸಮ ಚಿಹ್ನೆ ಜೋಡಿಸಬೇಕು. ಬೋಧನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿಕ್ಲೌಸ್ ವಿರ್ತ್ 1970ರಲ್ಲಿ ಪ್ರಕಟಿಸಿದ ಪಾಸ್ಕಲ್ ಭಾಷೆಯಲ್ಲಿ ಈ ಆಜ್ಞೆಗೆ ಕೋಲನ್ ಸೇರಿಸಿದ ಬೇರೆ ಚಿಹ್ನೆಯೇ ಇತ್ತು. ಹುಡುಗಿಯ ತಕರಾರು ಅಷ್ಟು ಗಟ್ಟಿಯಾದದ್ದು.

ಹಲಗೆಯ ಮೇಲೊಂದು ಚೌಕ ಎಳೆದು, ‘ಎಣಿಕೆ’ ಎಂದು ಹೆಸರಿಟ್ಟು, ಒಳಗೆ 5 ಬರೆದು, ಡಸ್ಟರನ್ನು ಅವಳ ಕೈಗೇ ಕೊಡಬಹುದಿತ್ತು. ಇದ್ದದ್ದನ್ನು ಓದಿ, ಒಂದು ಕೂಡಿಸಿ, 5 ಅಳಿಸಿ 6 ಬರೆಯುತ್ತಿದ್ದಳು. ಎರಡು ನಿಮಿಷದ ಕೆಲಸ.

ಇಂಥ ಜಾಗಗಳು ಇನ್ನೂ ಇವೆ. ಕೀಲಿಮಣೆಯಿಂದ 12 ಮತ್ತು 13 ಪಡೆದು ನೇರವಾಗಿ ಕೂಡಿಸಿದರೆ ಪೈಥಾನ್ 1213 ಎನ್ನುತ್ತದೆ. ಒತ್ತಿದ್ದನ್ನೆಲ್ಲ ಅದು ಅಕ್ಷರಗಳೆಂದೇ ತೆಗೆದುಕೊಳ್ಳುತ್ತದೆ, ಸಂಖ್ಯೆಯಾಗಿಸು ಎಂದು ನಾವು ಹೇಳಬೇಕು. ಇದನ್ನು ಪ್ರಶಿಕ್ಷಣಾರ್ಥಿಗಳು ಮೊದಲೇ ಸರಿಪಡಿಸಿಕೊಂಡು ಬರುತ್ತಾರೆ, ವೀಕ್ಷಕರ ಮುಂದೆ ತಪ್ಪು ಕಾಣಬಾರದಲ್ಲ! ಅಂಕ ಕೊಡುವವರು ನಾವು. ಈ ಅಂಜಿಕೆಯನ್ನು ಬೆಳೆಸಿದವರೂ ನಾವೇ.

ಪ್ರೋಗ್ರಾಂ ಓಡಿಸುವ ಮೊದಲು ಉತ್ತರ ಏನು ಬರಬಹುದೆಂದು ಮಕ್ಕಳು ಪುಸ್ತಕದಲ್ಲಿ ಬರೆಯಲಿ. ಹೀಗೆ ಮಾಡಿದರೆ ಪಾಠ ಮುಗಿಯುವುದಿಲ್ಲ ಎನ್ನುವವರಿದ್ದಾರೆ. ನಲವತ್ತು ನಿಮಿಷಕ್ಕೆ ಮೂರು ಸಾಲಿನ ಪ್ರೋಗ್ರಾಂ ಧಾರಾಳವಾಯಿತು. ಈ ಸಲ ಪೂರ್ವಜ್ಞಾನದ ಎದುರು ‘ಹೊಸದು’ ಎಂದಷ್ಟೇ ಬರೆದ ಪಾಠಯೋಜನೆಗಳನ್ನು ಸಹಿ ಹಾಕದೆ ಹಿಂತಿರುಗಿಸುತ್ತಿದ್ದೇನೆ.