ಮದ್ದಿನ ಹೆಸರು ಬರೆದಿಟ್ಟಿದ್ದೀರಾ?

ನಮ್ಮ ಮನೆಯ ಜಮಾ-ಖರ್ಚಿನ ಪುಸ್ತಕಗಳನ್ನು ಅಪ್ಪ ಒಂದು ಮರದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ ಇಟ್ಟಿದ್ದಾರೆ. ಅಡಿಕೆ ಮಾರಿದ್ದು, ಸುಣ್ಣ-ಮೈಲುತುತ್ತು ತಂದದ್ದು, ಆಳುಗಳ ಸಂಬಳ, ಪಂಪಿನ ರಿಪೇರಿ ಎಲ್ಲ ಅದರಲ್ಲಿ ಉಂಟು. ಕಳೆದ ಮಳೆಗಾಲ ಏನೋ ಹುಡುಕಲು ಹೋಗಿ ಒಂದೊಂದೇ ತೆರೆದು ನೋಡಿದೆ. 2009ರ ಪುಸ್ತಕದಲ್ಲಿ ಅಪ್ಪನ ಅಕ್ಷರ ದುಂಡಗೆ, ಗೆರೆ ತುಂಬ. 2013ಕ್ಕೆ ಬರುವಾಗ ಸಾಲಿನ ಆರಂಭ ಸರಿ ಇದೆ, ಕೊನೆಗೆ ಹೋಗುತ್ತಾ ಸಣ್ಣದಾಗಿದೆ. 2015ರಲ್ಲಿ ಇರುವೆ ಸಾಲು.

ಕೈ ನಡುಗುವುದು ನಮ್ಮ ಕಣ್ಣಿಗೆ ಬಿದ್ದದ್ದು 2016ರಲ್ಲಿ, ವೀಳ್ಯದೆಲೆಗೆ ಸುಣ್ಣ ಹಚ್ಚುವಾಗ. ಪಾರ್ಕಿನ್ಸನ್ ಅಂತ ಡಾಕ್ಟರು ಹೇಳಿದ್ದು ಮರುವರ್ಷ. ಅಕ್ಷರ ಸಣ್ಣದಾಗುವುದೂ ಈ ರೋಗದ ಒಂದು ಲಕ್ಷಣವಂತೆ. ಅಂದರೆ ನಾವು ನೋಡುವ ಮೂರು-ನಾಲ್ಕು ವರ್ಷ ಮೊದಲೇ ಪುಸ್ತಕಕ್ಕೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಬೇಕಾದಷ್ಟು ಪ್ರಶ್ನೆ ಕೇಳಿದರು. ಬಿಪಿ, ಶುಗರ್, ಕುಟುಂಬದಲ್ಲಿ ಯಾರಿಗಾದರೂ ಇತ್ತಾ, ನಿದ್ದೆ ಹೇಗೆ. ಉದ್ಯೋಗದ ಎದುರು 'ಕೃಷಿ' ಅಂತ ಬರೆದುಕೊಂಡರು. ಅಲ್ಲಿಗೆ ಆಯಿತು. ತೋಟಕ್ಕೆ ಏನೇನು ಸಿಂಪಡಿಸಿದ್ದೀರಿ ಅಂತ ಒಬ್ಬರೂ ಕೇಳಲಿಲ್ಲ. ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮನೆಗೆ ಬಂದು ಪುಸ್ತಕ ತೆರೆದರೆ ನಮ್ಮದೇ ಬಂಡವಾಳ ಬಯಲಾಯಿತು. "ಹುಲ್ಲಿನ ಮದ್ದು 2 ಲೀಟರ್", "ಬಾಳೆಯ ಹುಳಕ್ಕೆ ಮದ್ದು", "ಸೊಸೈಟಿಯಿಂದ ಮದ್ದು". ರೇಟು ಪೈಸೆ ಲೆಕ್ಕದಲ್ಲಿ ಉಂಟು, ಮದ್ದಿನ ಹೆಸರಿಲ್ಲ. ಅವರು ಕೇಳಿದ್ದರೂ ನಾವು ಹೇಳುವುದು ಎಂತದು?

ಈ ವಿಷಯ ಬರೆಯಲು ಕಾರಣ ಅದೇ.

ಮೆದುಳು ಸವೆಯುವ ಇಂಥ ರೋಗಗಳ ಬಗ್ಗೆ ಕೆಲಸ ಮಾಡುವ ಕಾಲೇಜು ಪ್ರಯೋಗಶಾಲೆಗಳು ಪ್ರಪಂಚದಲ್ಲಿ ನೂರಾರಿವೆ. ಪ್ರಯೋಗಶಾಲೆ ಅಂದ ಕೂಡಲೇ ಬಿಳಿ ಕೋಟಿನ ದೊಡ್ಡ ವಿಜ್ಞಾನಿಯೊಬ್ಬರು ನಮ್ಮ ಕಣ್ಣಮುಂದೆ ಬರುತ್ತಾರೆ. ವಾಸ್ತವದಲ್ಲಿ ಅದು ಅಡಿಕೆ ಕೊಯ್ಲಿನ ಹಾಗೆ ಗುಂಪಿನ ಕೆಲಸ. ಒಬ್ಬರು ಪ್ರೊಫೆಸರ್, ಅವರ ಕೆಳಗೆ ಡಾಕ್ಟರೇಟ್ ಮುಗಿಸಿದವರು ಕೆಲವರು, ಮುಗಿಸಲು ಒದ್ದಾಡುವವರು ಕೆಲವರು, ಇಲಿಗೆ ನೀರು-ಆಹಾರ ಕೊಟ್ಟು ಗೂಡು ತೊಳೆಯುವವರು, ಸೂಕ್ಷ್ಮದರ್ಶಕದಲ್ಲಿ ದಿನವಿಡೀ ಕೋಶ ಎಣಿಸುವವರು.

ನಮಗೆ ಸಂಬಂಧಪಟ್ಟ ಒಂದು ತಂಡದ ಕತೆ ಹೇಳುತ್ತೇನೆ. ಅಮೆರಿಕದ ಅಟ್ಲಾಂಟಾದಲ್ಲಿ ಎಮೊರಿ ವಿಶ್ವವಿದ್ಯಾಲಯ. ಅಲ್ಲಿ ಆಗ ತಿಮೋತಿ ಗ್ರೀನಮೈರ್ ಅವರ ಪ್ರಯೋಗಶಾಲೆ ಇತ್ತು. ರಂಜಿತಾ ಬೆಟರ್ಬೆಟ್, ಟಾಡ್ ಶೆರೆರ್ ಮೊದಲಾದವರು ಸೇರಿ ಒಟ್ಟು ಆರು ಜನ 2000ನೇ ಇಸವಿಯ ಕೊನೆಗೆ ಒಂದು ಪ್ರಬಂಧ ಪ್ರಕಟಿಸಿದರು. ಅವರು ತೆಗೆದುಕೊಂಡ ವಸ್ತು ರೋಟಿನೋನ್. ಇದು ಡೆರ್ರಿಸ್ ಎಂಬ ಬಳ್ಳಿಯ ಬೇರಿನಲ್ಲಿರುವ ವಿಷ. ಮೀನಿಗೆ ನಂಜು ಹಾಕಲು, ಹುಳ ಕೊಲ್ಲಲು ಬಹಳ ಕಾಲದಿಂದ ಬಳಕೆಯಲ್ಲಿತ್ತು. ಗಿಡದಿಂದ ಬಂದದ್ದು, ನೈಸರ್ಗಿಕ, ಹಾಗಾಗಿ ಸಾವಯವ ಕೃಷಿಯವರೂ ಧೈರ್ಯದಿಂದ ಬಳಸುತ್ತಿದ್ದರು.

ಇದನ್ನು ಸ್ವಲ್ಪ ಸ್ವಲ್ಪವಾಗಿ, ಕೆಲವು ವಾರಗಳ ಕಾಲ ಬಿಡದೆ ಇಲಿಯ ರಕ್ತಕ್ಕೆ ಸೇರುವಂತೆ ಮಾಡಿದರು. ಪ್ರತಿ ಜೀವಕೋಶದ ಒಳಗೂ ಶಕ್ತಿ ತಯಾರಿಸುವ ಒಲೆಗಳಿವೆ ಅಂತ ಇಟ್ಟುಕೊಳ್ಳಿ. ರೋಟಿನೋನ್ ಆ ಒಲೆಯ ಉರಿ ತಗ್ಗಿಸುತ್ತದೆ. ಮೈಯೆಲ್ಲಾ ಒಂದೇ ರೀತಿ ವಿಷ ಹೋದರೂ ಇಲಿಯ ಮೆದುಳಿನಲ್ಲಿ ಹೆಚ್ಚು ಸತ್ತದ್ದು ಡೋಪಮೈನ್ ತಯಾರಿಸುವ ಕೋಶಗಳು. ಪಾರ್ಕಿನ್ಸನ್ ಬಂದವರಲ್ಲಿ ಸಾಯುವುದೂ ಅವೇ. ಇಲಿಗಳ ನಡೆ ನಿಧಾನವಾಯಿತು, ಮೈ ಬಿಗಿಯಾಯಿತು. ರೋಗಿಗಳ ಮೆದುಳಿನಲ್ಲಿ ಕಾಣುವಂಥ ಗಂಟುಗಳೂ ಕೋಶಗಳೊಳಗೆ ಸಿಕ್ಕಿದವು.

ಎಲ್ಲ ಇಲಿಗಳಿಗೂ ಹೀಗಾಗಲಿಲ್ಲ ಅನ್ನುವುದನ್ನೂ ಅವರೇ ಬರೆದಿದ್ದಾರೆ. ಮತ್ತೆ, ನಮಗೆ ಯಾರೂ ನರಕ್ಕೆ ನಳಿಗೆ ಚುಚ್ಚಿ ವಾರಗಟ್ಟಲೆ ವಿಷ ಬಿಡುವುದಿಲ್ಲ. ಇಲಿಯಲ್ಲಿ ಆಯಿತು ಎಂದರೆ ಕೃಷಿಕನಲ್ಲಿ ಆಯಿತು ಅಂತ ಅರ್ಥವಲ್ಲ. ಅದನ್ನು ತಿಳಿಯಲು ಕೃಷಿಕರನ್ನೇ ಕೇಳಬೇಕು.

ಕೇಳಿದ್ದಾರೆ. ಅಮೆರಿಕದ ಅಯೋವಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ 1993ರಿಂದ 1997ರವರೆಗೆ, ಕೀಟನಾಶಕ ಬಳಸುವ ಲೈಸೆನ್ಸಿಗೆ ಬಂದ ರೈತರಿಗೆ ಒಂದು ಫಾರಂ ಕೊಟ್ಟರು. ಏನು ಸಿಂಪಡಿಸುತ್ತೀರಿ, ಎಷ್ಟು ವರ್ಷದಿಂದ, ಕೈಗವಸು ಹಾಕುತ್ತೀರಾ. ರೈತರು, ಅವರ ಹೆಂಡಂದಿರು ಎಲ್ಲ ಸೇರಿ ಸುಮಾರು 89,000 ಜನ ತುಂಬಿಸಿ ಕೊಟ್ಟರು. ಇವರಲ್ಲೇ ಪಾರ್ಕಿನ್ಸನ್ ಬಂದ 110 ಜನರನ್ನೂ ಬಾರದ 358 ಜನರನ್ನೂ ಹೋಲಿಸಿದ ಅಧ್ಯಯನ 2011ರಲ್ಲಿ ಹೊರಬಂತು. ರೋಟಿನೋನ್ ಬಳಸಿದವರಲ್ಲಿ ರೋಗದ ಸಂಭವ ಸುಮಾರು ಎರಡೂವರೆ ಪಟ್ಟು. ಪ್ಯಾರಾಕ್ವಾಟ್ ಬಳಸಿದವರಲ್ಲೂ ಅಷ್ಟೇ.

ಪ್ಯಾರಾಕ್ವಾಟ್ ಅಂದರೆ ಗೊತ್ತಾಗದವರಿಗೆ: ಹುಲ್ಲು ಸಾಯಿಸುವ ಮದ್ದುಗಳಲ್ಲಿ ಒಂದು. ಬೆಳಿಗ್ಗೆ ಬಿಟ್ಟರೆ ಬಿಸಿಲೇರುವಾಗ ಎಲೆ ಬಾಡಿರುತ್ತದೆ. ಹೊಟ್ಟೆಗೆ ಹೋದರೆ ಪ್ರತಿವಿಷ ಇಲ್ಲ. ಪಕ್ಕದ ಕೇರಳ 2011ರಲ್ಲೇ ನಿಷೇಧಿಸಿತು.

2015ರಲ್ಲಿ ಬಂದ ಇನ್ನೊಂದು ಲೆಕ್ಕ ನನಗೆ ಹೆಚ್ಚು ಮುಖ್ಯ ಅನಿಸಿತು. ಅದೇ ರೈತರಲ್ಲಿ ಕೈಗವಸು ಹಾಕಿ ಪ್ಯಾರಾಕ್ವಾಟ್ ಬಳಸಿದವರನ್ನು ಬೇರೆ ಮಾಡಿ ನೋಡಿದರೆ, ರೋಗದ ಜೊತೆಗಿನ ಸಂಬಂಧ ಕಾಣಲಿಲ್ಲ. ಬರಿಗೈಯಲ್ಲಿ ಕಲಸಿದವರಲ್ಲಿ ಕಂಡಿತು. ನಾವು ಕೋಲು ಸಿಗದಿದ್ದರೆ ಮೊಣಕೈವರೆಗೆ ಕೈ ಹಾಕಿ ಕಲಸುವವರು. ಬೋರ್ಡೋ ದ್ರಾವಣ ಕಲಸಿ ಅಭ್ಯಾಸವಾದ ಕೈ, ಎಲ್ಲ ಮದ್ದಿಗೂ ಅದೇ ಕೈ. ಬೋರ್ಡೋವನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ, ಅದು ಬೇರೆ ವಿಷಯ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ 1990ರಿಂದ, ಕೃಷಿಗೆ ಯಾವ ಮದ್ದು ಯಾವ ಜಾಗದಲ್ಲಿ ಎಷ್ಟು ಬಿಟ್ಟರು ಅಂತ ಸರಕಾರಕ್ಕೆ ವರದಿ ಕೊಡುವುದು ಕಡ್ಡಾಯ. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಬೀಟ್ ರಿಟ್ಜ್ ಅವರ ತಂಡ ಈ ಕಡತಗಳನ್ನೂ ರೋಗಿಗಳ ಮನೆ ವಿಳಾಸಗಳನ್ನೂ ನಕ್ಷೆಯಲ್ಲಿ ಕೂಡಿಸಿತು. ಪ್ಯಾರಾಕ್ವಾಟ್ ಮತ್ತು ಮ್ಯಾನೆಬ್ ಎರಡನ್ನೂ ಮನೆಯಿಂದ 500 ಮೀಟರ್ ಒಳಗೆ ಸಿಂಪಡಿಸಿದ್ದರೆ ಆ ಮನೆಯವರಿಗೆ ರೋಗದ ಸಂಭವ ಶೇಕಡಾ 75ರಷ್ಟು ಹೆಚ್ಚು ಅಂತ 2009ರಲ್ಲಿ ಬರೆದರು. ಮ್ಯಾನೆಬ್ ಶಿಲೀಂಧ್ರನಾಶಕ, ನಮಗೆ ಗೊತ್ತಿರುವ ಮ್ಯಾಂಕೋಜೆಬ್‌ನ ಹತ್ತಿರದ ಸಂಬಂಧಿ.

ನೋಡಿ, ಇಲಿ ಬಿಟ್ಟರೆ ಈ ಎಲ್ಲ ತಿಳಿವಳಿಕೆಯ ತಳಪಾಯ ಯಾವುದು? ರೈತ ಬರೆದ ಫಾರಂ, ರೈತ ಕೊಟ್ಟ ವರದಿ. ಅದಿಲ್ಲದಿದ್ದರೆ ಎಂಥ ಬುದ್ಧಿವಂತ ತಂಡಕ್ಕೂ ಕೈ ಕಟ್ಟಿದ ಹಾಗೆ. ಫ್ರಾನ್ಸ್ ದೇಶ 2012ರಲ್ಲಿ, ಕೀಟನಾಶಕ ಬಳಸಿದ ಕೃಷಿಕರಿಗೆ ಬರುವ ಪಾರ್ಕಿನ್ಸನ್ನನ್ನು ಉದ್ಯೋಗದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಅಲ್ಲೂ ಕೃಷಿಕ ತಾನು ಮದ್ದು ಬಳಸಿದ್ದನ್ನು ತೋರಿಸಬೇಕು. ನನ್ನ ಅಪ್ಪ ಫ್ರಾನ್ಸಿನಲ್ಲಿ ಇದ್ದಿದ್ದರೆ "ಹುಲ್ಲಿನ ಮದ್ದು 2 ಲೀಟರ್" ಹಿಡಿದುಕೊಂಡು ಹೋಗಬೇಕಿತ್ತು!

"ಹಾಗಾದರೆ ನಿಮ್ಮ ಅಪ್ಪನಿಗೆ ಮದ್ದಿನಿಂದಲೇ ಬಂತಾ?" ಅಂತ ನೆರೆಮನೆಯ ಭಾವ ಕೇಳಿದರು. ಗೊತ್ತಿಲ್ಲ ಭಾವ, ಯಾವ ಡಾಕ್ಟರಿಗೂ ಹೇಳಲಾಗದು. ಇದು ಹೊಸ ರೋಗವೂ ಅಲ್ಲ. ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನಲ್ಲಿ 1817ರಲ್ಲಿ ಆರು ರೋಗಿಗಳ ಬಗ್ಗೆ ಬರೆದಾಗ ಈಗಿನ ಯಾವ ಮದ್ದೂ ಹುಟ್ಟಿರಲಿಲ್ಲ. (ಆ ಆರು ಜನರಲ್ಲಿ ಮೊದಲನೆಯವ ತೋಟದ ಕೆಲಸದವ. ಕಾಕತಾಳೀಯವೇ ಇರಬೇಕು, ಆದರೂ ಓದಿದಾಗ ಎದೆ ಝಲ್ಲೆಂದಿತು.) ವಯಸ್ಸು, ವಂಶ ಎಲ್ಲ ಸೇರುತ್ತದೆ. ಜೀವಮಾನವಿಡೀ ಸಿಂಪಡಿಸಿ ಎಂಬತ್ತರಲ್ಲೂ ಗಟ್ಟಿಮುಟ್ಟಾಗಿ ತೋಟ ಸುತ್ತುವವರು ನಮ್ಮೂರಲ್ಲೇ ಇದ್ದಾರೆ. ಎಲ್ಲದಕ್ಕೂ ಮದ್ದೇ ಕಾರಣ ಅನ್ನುವವರ ಜೊತೆ ನಾನಿಲ್ಲ. ಏನೂ ಆಗುವುದಿಲ್ಲ ಅನ್ನುವವರ ಜೊತೆಯೂ ಇಲ್ಲ. ಎಂಡೋಸಲ್ಫಾನಿಗೂ ಹೀಗೇ "ಏನೂ ಆಗುವುದಿಲ್ಲ" ಅಂತ ಎಷ್ಟೋ ವರ್ಷ ಹೇಳಿದ್ದನ್ನು ಕೇಳಿದ ಜಿಲ್ಲೆ ನಮ್ಮದು.

ನಮ್ಮ ರಾಜ್ಯದಲ್ಲಿ ಇಂಥ ಕೆಲಸ ಇಲ್ಲವೆಂದಲ್ಲ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಸಂಗ್ರಹಾಲಯ ಉಂಟು, ಸತ್ತವರ ಮೆದುಳನ್ನು ಮನೆಯವರು ಸಂಶೋಧನೆಗೆ ದಾನ ಕೊಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದ್ದಾರೆ. ಅವರ ಗುರಿ ಹತ್ತು ಸಾವಿರ ಜನ. ಅದು ಮರೆವಿನ ರೋಗದ ಬಗ್ಗೆ. ಮಾವಿನ ತೋಪಿನ ನಡುವಿನ ಜನರ ಹತ್ತಿರ ಪ್ರಯೋಗಶಾಲೆಯವರೇ ಬಂದರು ಅನ್ನುವುದು ನನಗೆ ದೊಡ್ಡ ಸಂಗತಿ.

ನಮ್ಮ ಕರಾವಳಿಯಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರಗಾಲವಿಲ್ಲ. ಅಲ್ಲಿ ಪ್ರಬಂಧಕ್ಕೆ ವಿಷಯ ಹುಡುಕುವ ವಿದ್ಯಾರ್ಥಿಗಳಿಗೂ ಇಲ್ಲ. ಅವರಿಗೆ ನನ್ನ ಕೋರಿಕೆ: ರೋಗಿಯ ಚೀಟಿಯಲ್ಲಿ 'ಕೃಷಿ' ಎಂದು ಬರೆದ ಮೇಲೆ ಇನ್ನೊಂದು ಗೆರೆ ಎಳೆಯಿರಿ. ಏನು ಬೆಳೆ, ಯಾವ ಮದ್ದು, ಎಷ್ಟು ವರ್ಷ, ಸ್ವತಃ ಬಿಟ್ಟದ್ದೋ ಆಳು ಬಿಟ್ಟದ್ದೋ. ನೆನಪಿಲ್ಲ ಅಂದರೆ ನಮ್ಮ ಸಹಕಾರಿ ಸಂಘಗಳಿಗೆ ಹೋಗಿ. ಯಾರಿಗೆ ಯಾವ ಮದ್ದು ಎಷ್ಟು ಲೀಟರ್ ಹೋಯಿತು ಅನ್ನುವ ಬಿಲ್ಲಿನ ಪ್ರತಿ ಗೆದ್ದಲು ತಿನ್ನದೆ ಉಳಿದಿದ್ದರೆ ಅಲ್ಲೇ ಇರುತ್ತದೆ. ಸಂಘದ ನಿರ್ದೇಶಕರು ಅದನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಯೋಚಿಸಲಿ.

ಮದ್ದು ಬಿಡುವ ಆಳುಗಳ ವಿಷಯ ಮರೆಯಬಾರದು. ನಮ್ಮ ತೋಟದಲ್ಲಿ ವರ್ಷಕ್ಕೆ ಎರಡು-ಮೂರು ದಿನ. ಹತ್ತು ತೋಟಕ್ಕೆ ಹೋಗುವವನಿಗೆ ಅದೇ ಇಪ್ಪತ್ತು-ಮೂವತ್ತು ದಿನ. ಅವನ ಹತ್ತಿರ ಪುಸ್ತಕವೂ ಇಲ್ಲ, ಬಿಲ್ಲೂ ಇಲ್ಲ. ಅವನ ಲೆಕ್ಕವನ್ನು ನಾವೇ ಬರೆಯಬೇಕು.

ಅಪ್ಪನ ಮಾತ್ರೆಯ ಬಗ್ಗೆ ಒಂದು ಮಾತು. ಅದರಲ್ಲಿರುವ ಲೀವೋಡೋಪ ಎಂಬ ವಸ್ತು ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿ ಉಂಟು. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ಅದನ್ನು ಬೀಜದಿಂದ ಬೇರ್ಪಡಿಸಿ ವರದಿ ಮಾಡಿದ್ದರು. ಪಾರ್ಕಿನ್ಸನ್ನಿಗೆ ಅದು ಔಷಧ ಅಂತ ತಿಳಿಯಲು ಮತ್ತೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಹಾಗಂತ ಯಾರೂ ಬೀಜ ಹುರಿದು ಪುಡಿ ಮಾಡಿ ತಿನ್ನಿಸಲು ಹೋಗಬೇಡಿ ಮಾರಾಯ್ರೆ. ಒಂದು ಬೀಜದ ಹಾಗೆ ಇನ್ನೊಂದಿಲ್ಲ, ಅಳತೆ ತಪ್ಪಿದರೆ ವಾಂತಿ, ತಲೆತಿರುಗು, ಮೈ ತಿರುಚುವುದು. ಮಾತ್ರೆಯ ಸಮಯ ಅರ್ಧ ಗಂಟೆ ಆಚೀಚೆ ಆದರೆ ಅಪ್ಪ ಹೊಸ್ತಿಲು ದಾಟಲಾರದೆ ನಿಂತುಬಿಡುತ್ತಾರೆ, ಅದನ್ನು ದಿನಾ ನೋಡುವವನು ಹೇಳುತ್ತಿದ್ದೇನೆ.

ಈ ವರ್ಷದ ಪುಸ್ತಕದಲ್ಲಿ ಒಂದು ಪುಟ ಬೇರೆ ತೆಗೆದಿದ್ದೇನೆ. ತಾರೀಕು, ಡಬ್ಬದ ಮೇಲಿರುವ ಕಂಪೆನಿಯ ಹೆಸರು, ಅದರ ಕೆಳಗೆ ಸಣ್ಣದಾಗಿ ಮುದ್ರಿಸಿರುವ ಮದ್ದಿನ ನಿಜವಾದ ಹೆಸರು, ಎಷ್ಟು ನೀರಿಗೆ ಎಷ್ಟು, ಯಾವ ತೋಟ, ಯಾರು ಬಿಟ್ಟರು, ಕೈಗವಸು ಇತ್ತೋ ಇಲ್ಲವೋ. ಆ ಸಣ್ಣ ಅಕ್ಷರ ಓದಲು ನನಗೆ ಕನ್ನಡಕ ಸಾಲದು, ಮಗಳು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದುತ್ತಾಳೆ, ನಾನು ಬರೆಯುತ್ತೇನೆ. ಮೊದಲ ಪುಟವನ್ನು ಅಪ್ಪನಿಗೆ ತೋರಿಸಿದೆ. ತುಂಬ ಹೊತ್ತು ನೋಡಿ, "ರೇಟು ಬರೆಯಲಿಲ್ಲ ನೀನು" ಅಂದರು.