ದೇವರ ಮಾತು ಗಿಳಿಶಾಸ್ತ್ರ ಅಲ್ಲ

ಡಿಸೆಂಬರ್ 31ರ ರಾತ್ರಿ ನಮ್ಮ ಎಷ್ಟೋ ಚರ್ಚುಗಳಲ್ಲಿ ಒಂದು ಬುಟ್ಟಿ ಕೈಯಿಂದ ಕೈಗೆ ಬರುತ್ತೆ. ಅದರಲ್ಲಿ ಬಣ್ಣಬಣ್ಣದ ಚೀಟಿ. ಒಂದನ್ನು ಎತ್ತಬೇಕು. ಅದರಲ್ಲಿರೋ ವಾಕ್ಯವೇ ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ವಾಗ್ದಾನ. ಉಳಿದ 364 ದಿನ ಆ ಕೆಲಸ ಮೊಬೈಲ್ ಆಪ್‌ನದು. ಬೆಳಿಗ್ಗೆ ಸೂರ್ಯೋದಯದ ಚಿತ್ರದ ಮೇಲೆ ಒಂದು ವಾಕ್ಯ, ನಮ್ಮದೊಂದು ಆಮೆನ್, ಆಮೇಲೆ ಸ್ಟ್ಯಾಂಡ್‌ಅಪ್ ಮೀಟಿಂಗು.

ಸಂತೆಯಲ್ಲಿ ಗಿಳಿಶಾಸ್ತ್ರದವನ ಮುಂದೆ ಕೂತವರನ್ನು ಕಂಡು ನಾವು ನಗ್ತೀವಿ. ನಮ್ಮಲ್ಲಿ ಗಿಳಿ ಇಲ್ಲ, ಅಷ್ಟೇ ವ್ಯತ್ಯಾಸ.

ಈ ಚೀಟಿಗಳಲ್ಲಿ ಬಲು ಜನಪ್ರಿಯ ವಾಕ್ಯ ಯೆರೆಮೀಯ 29:11. ದೇವರು ನಿಮ್ಮ ಒಳಿತನ್ನೇ ಯೋಚಿಸಿದ್ದಾನೆ, ನಿಮಗೊಂದು ನಾಳೆ ಇದೆ ಅನ್ನೋ ಅರ್ಥದ ಮಾತು. ಕಾಫಿ ಮಗ್ಗಿನ ಮೇಲೂ ಇದೆ, ಕಾರಿನ ಗಾಜಿನ ಮೇಲೂ ಇದೆ. ಆದರೆ ಇದು ಒಂದು ಕಾಗದದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರ ಯೆರೂಸಲೇಮಿನ ಮಂದಿಯನ್ನು ಬಾಬೆಲಿಗೆ ಸೆರೆ ಒಯ್ದ. ಅವರಿಗೆ ಯೆರೆಮೀಯ ಬರೆದ ಕಾಗದ ಅದು.

ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನೋ ಪ್ರವಾದಿ ಬರ್ತಾನೆ. ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರ್ತಾರೆ ಅಂತ ಹೇಳ್ತಾನೆ. ಯಾರಿಗೆ ಇಷ್ಟ ಆಗಲ್ಲ ಹೇಳಿ? ಯೆರೆಮೀಯ ಹೇಳಿದ್ದು ಎಪ್ಪತ್ತು ವರ್ಷ. ಅದು ಹತ್ತನೇ ವಾಕ್ಯದಲ್ಲಿದೆ, ಅಂದರೆ ನಮ್ಮ ಚೀಟಿಯ ವಾಕ್ಯಕ್ಕೆ ಸರಿಯಾಗಿ ಒಂದು ಸಾಲು ಮೇಲೆ. ಕಾಗದ ಕೇಳಿಸಿಕೊಂಡ ಹಿರಿಯರಲ್ಲಿ ಬಹಳ ಮಂದಿ ಬಾಬೆಲಿನಲ್ಲೇ ಮಣ್ಣಾಗುವವರು. ಅದೇ ಕಾಗದದ ಎಂಟು, ಒಂಬತ್ತನೇ ವಾಕ್ಯದಲ್ಲಿ ಇನ್ನೊಂದು ಎಚ್ಚರಿಕೆ ಇದೆ: ನಿಮಗೆ ಹಿತವಾದದ್ದನ್ನೇ ಹೇಳೋ ಪ್ರವಾದಿಗಳು, ಕಣಿ ಹೇಳೋರ ಮಾತಿಗೆ ಮರುಳಾಗಬೇಡಿ. ಕಣಿ ನಂಬಬೇಡಿ ಅನ್ನೋ ಕಾಗದವನ್ನೇ ಹರಿದು ನಾವು ಕಣಿ ಚೀಟಿ ಮಾಡಿಕೊಂಡಿದ್ದೀವಿ. ಯೆರೆಮೀಯನ ಹೆಸರಲ್ಲಿ ಹನನ್ಯನನ್ನು ಕೇಳ್ತಿದ್ದೀವಿ.

ಇದರಿಂದ ಏನು ನಷ್ಟ ಅಂತೀರಾ? ನನ್ನ ಗೆಳೆಯನೊಬ್ಬನ ಕೆಲಸ ಹೋಯ್ತು. ಗುಂಪಿನವರೆಲ್ಲ 29:11 ಫಾರ್ವರ್ಡ್ ಮಾಡಿದರು. ಮನೆ ಬಾಡಿಗೆ ಕಟ್ಟಿದೀಯಾ ಅಂತ ಕೇಳಿದವರು ಇಬ್ಬರೋ ಮೂವರೋ. ಆರು ತಿಂಗಳಾದರೂ ಕೆಲಸ ಸಿಗದಿದ್ದಾಗ, ನಿನ್ನ ವಿಶ್ವಾಸ ಸಾಲದು ಅಂದರು. ಅವನು ಬೈಬಲ್ ಓದೋದನ್ನೇ ಬಿಟ್ಟ. ಎಪ್ಪತ್ತು ವರ್ಷದ ಮಾತನ್ನೂ ಅವನಿಗೆ ಯಾರಾದರೂ ಓದಿ ಹೇಳಿದ್ದರೆ, ತಡವಾಗೋದು ದೇವರು ಕೈಬಿಟ್ಟ ಗುರುತಲ್ಲ ಅಂತ ಅವನಿಗೆ ಗೊತ್ತಾಗ್ತಿತ್ತು.

ಚೀಟಿ ಪದ್ಧತಿ ಹಳೇದು ಅಂತ ವಾದಿಸೋರಿದ್ದಾರೆ. ಹಳೇದು ಹೌದು. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ನರು 1731ರಿಂದ ದಿನಕ್ಕೊಂದು ವಾಕ್ಯದ ಪುಸ್ತಕ ಅಚ್ಚು ಹಾಕ್ತಿದ್ದಾರೆ. ಅದರಲ್ಲಿ ಹಳೇ ಒಡಂಬಡಿಕೆಯ ವಾಕ್ಯವನ್ನು ಚೀಟಿ ಎತ್ತಿಯೇ ಆರಿಸ್ತಾರೆ. ಆದರೆ ಅದಕ್ಕೆ ಜೋಡಿಸೋ ಹೊಸ ಒಡಂಬಡಿಕೆಯ ವಾಕ್ಯವನ್ನು ಕೂತು, ಓದಿ, ಯೋಚಿಸಿ ಹುಡುಕ್ತಾರೆ. ನಾವು ಮೊದಲ ಅರ್ಧ ಇಟ್ಟುಕೊಂಡು ಎರಡನೇ ಅರ್ಧ ಬಿಟ್ಟಿದ್ದೀವಿ.

ಕೇಳೋದು ಹೇಗೆ ಅಂತ ನಮಗೆ ಯುರೋಪು ಕಲಿಸಬೇಕಿಲ್ರಿ. ಮೇಡ್ಲೇರಿ ಕಡೆ ಶ್ರಾವಣದಾಗ ಪುರಾಣ ಹಚ್ಚುತ್ತಾರೆ. ನಿನ್ನೆ ಕಥೆ ಎಲ್ಲಿಗೆ ನಿಂತಿತ್ತು ಅಂತ ಕೇಳಿಯೇ ಇವತ್ತು ಮುಂದೆ ಹೋಗೋದು. ನಡುವೆ ಒಂದು ಸಾಲು ಕಿತ್ತುಕೊಂಡು, ಇದು ನನ್ನ ಪ್ರಮೋಶನ್ ಬಗ್ಗೆ ಹೇಳಿದ್ದು ಅಂತ ಯಾರೂ ಎದ್ದು ಹೋಗಲ್ಲ. ಅಕ್ಷರ ಬಾರದ ಮುದುಕರಿಗೂ ತಿಳಿದಿರೋ ಈ ಶಿಸ್ತು ಬಿ.ಇ. ಮಾಡಿದ ನಮಗೆ ಯಾಕಿಲ್ಲ? ಎರರ್ ಲಾಗ್‌ನ ಒಂದೇ ಸಾಲು ನೋಡಿ ಬಗ್ ಕ್ಲೋಸ್ ಮಾಡಿದರೆ ಟೀಮ್ ಲೀಡ್ ಸುಮ್ಮನಿರ್ತಾರಾ?

ಟೈಮಿಲ್ಲ ಅನ್ನಬೇಡಿ. ಆ ಅಧ್ಯಾಯದಲ್ಲಿ ಇರೋದು 32 ವಾಕ್ಯ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟೋದರೊಳಗೆ ಮುಗಿಯುತ್ತೆ.

ಓದಿದರೆ ಐದರಿಂದ ಏಳನೇ ವಾಕ್ಯವೂ ಸಿಗುತ್ತೆ. ಮನೆ ಕಟ್ಟಿ, ತೋಟ ಮಾಡಿ, ನೀವಿರೋ ಪರಊರಿನ ಒಳಿತಿಗೆ ದುಡೀರಿ, ಅದಕ್ಕಾಗಿ ಪ್ರಾರ್ಥಿಸಿ ಅಂತ ಅಲ್ಲಿದೆ. ಇದು ನೇರ ನಮಗೇ. ಹತ್ತು ವರ್ಷ ಬೆಂಗಳೂರಲ್ಲಿದ್ದು, ಇದು ನಮ್ಮೂರಲ್ಲ ಅಂತ ಹೇಳ್ತಾ, ವೋಟಿನ ದಿನವೂ ಪಿ.ಜಿ.ಯಲ್ಲಿ ಮಲಗಿರೋ, ಪಕ್ಕದ ಮನೆಯವರ ಹೆಸರೂ ಗೊತ್ತಿರದ ನಮಗೆ. ಈ ವಾಕ್ಯಗಳನ್ನು ಯಾವ ಬುಟ್ಟಿಯಲ್ಲೂ ನಾನು ಕಂಡಿಲ್ಲ. ಇವು ಕೆಲಸ ಹಚ್ಚುತ್ತವೆ, ಅದಕ್ಕೇ ಇರಬೇಕು. ನಮಗೆ ಬೇಡವಾದದ್ದನ್ನೂ ಹೇಳೋಕೆ ಬಿಟ್ಟಾಗಲೇ ಅದು ದೇವರನ್ನು ಕೇಳೋದು.

ಈ ಡಿಸೆಂಬರಿನಲ್ಲಿ ಚೀಟಿ ಎತ್ತೋದಾದರೆ ಎತ್ತಿ. ಮನೆಗೆ ಬಂದು ಅದು ಯಾವ ಅಧ್ಯಾಯದ್ದು ನೋಡಿ, ಪೂರ್ತಿ ಓದಿ. ಸ್ಟೇಟಸ್ ಆಮೇಲೆ ಹಾಕಬಹುದು. ಕೆಲಸ ಕಳಕೊಂಡವನಿಗೆ ವಾಕ್ಯ ಕಳಿಸೋ ಮುಂಚೆ, ಬಾಡಿಗೆ ಎಷ್ಟು ಬಾಕಿ ಅಂತ ಕೇಳಿ.